ಒದ್ದೆ ದಾರ

"ನೋಡಿ, ಓದಿ, ಬೇಕಾದ್ರೆ ಮೂಸಿ ನೋಡಿ. ಆದ್ರೆ ಒಂದು ಹಾಳೆನೂ ಅದರಿಂದ ಬೇರೆ ಮಾಡ್ಬೇಡಿ, ಡಾಕ್ಟ್ರೇ. ಬೇರೆ ಮಾಡಿದವರ ಬಾಯಿ ಹೊಲಿದುಹೋಗುತ್ತೆ."

ಹೀಗೆಂದವನು ಪುಸ್ತಕಗಳಿಗೆ ರಟ್ಟು ಕಟ್ಟುವ ಮುದುಕ. ಬೀದಿಯವರೆಲ್ಲ ಅವನನ್ನು ರಟ್ಟಿನಜ್ಜ ಎಂದು ಕರೆಯುತ್ತಿದ್ದರು. ಕೇಳಿಸಿಕೊಂಡವನು ಹಲ್ಲಿನ ವೈದ್ಯ. ಅವನು ಆ ಬೀದಿಗೆ ಬಂದು ಇನ್ನೂ ಮೂರೇ ತಿಂಗಳಾಗಿತ್ತು.

"ಹೊಲಿದುಹೋದ್ರೆ ನನ್ನ ಹತ್ರಾನೇ ಕಳಿಸಿ, ಅಜ್ಜ," ಎಂದು ವೈದ್ಯ ನಕ್ಕ. "ದಿನಕ್ಕೆ ಇಪ್ಪತ್ತು ಬಾಯಿ ತೆರೆಸ್ತೀನಿ. ಇಪ್ಪತ್ತೊಂದನೇದು ಕಷ್ಟಾನಾ?"

ಅಜ್ಜ ನಗಲಿಲ್ಲ.

ಬೀದಿಯಿಂದ ನಾಲ್ಕು ಮೆಟ್ಟಿಲು ಕೆಳಗಿಳಿದರೆ ಅವನ ಅಂಗಡಿ. ಸೂರಿನ ಹತ್ತಿರ ಒಂದೇ ಕಿಟಕಿ. ಅದರಲ್ಲಿ ಹೋಗಿಬರುವವರ ಪಾದಗಳು ಮಾತ್ರ ಕಾಣುತ್ತಿದ್ದವು. ನಡುಹಗಲಲ್ಲೂ ಮೂಲೆಗಳಲ್ಲಿ ಕತ್ತಲೆ ಕೂತಿರುತ್ತಿತ್ತು. ಹಳೆಯ ಚರ್ಮ, ಕುದಿಸಿದ ಅಂಟಿನ ಸರಿ, ತೇವ ಹಿಡಿದ ಕಾಗದ, ಪುಸ್ತಕ ಒತ್ತುವ ಪ್ರೆಸ್ಸಿನ ತುಕ್ಕು, ಇವೆಲ್ಲ ಸೇರಿದ ವಾಸನೆ ಬಟ್ಟೆಗೆ ಅಂಟಿಕೊಂಡು ಮನೆಯವರೆಗೂ ಬರುತ್ತಿತ್ತು.

ವೈದ್ಯನಿಗೆ ಒಂದು ಹುಚ್ಚಿತ್ತು. ಇಂಗ್ಲಿಷಿನ ಹಳೆಯ ಪ್ರಬಂಧಗಳ ಮೊದಲ ಮುದ್ರಣಗಳನ್ನು ಕೂಡಿಡುವುದು. ಇನ್ನೂರೈವತ್ತು ವರ್ಷಗಳ ಹಿಂದೆ ಯಾರೋ ಪುಣ್ಯಾತ್ಮರು ಸಂಜೆಯ ನಡಿಗೆಯ ಬಗ್ಗೆಯೋ, ಕೊಡೆ ಮರೆತುಬಂದದ್ದರ ಬಗ್ಗೆಯೋ, ಗೆಳೆಯನ ಗೊರಕೆಯ ಬಗ್ಗೆಯೋ ಬಿಡುವಾಗಿ ಬರೆದಿಟ್ಟ ಬರಹಗಳು. ವೈದ್ಯ ಅವನ್ನು ಓದುತ್ತಿರಲಿಲ್ಲ. ಯಾವ ಪುಟದಲ್ಲಿ ಯಾವ ಅಚ್ಚಿನ ತಪ್ಪಿದ್ದರೆ ಅದು ನಿಜವಾದ ಮೊದಲನೆಯದು, ಅಂಚು ಎಷ್ಟು ಅಗಲ, ರಟ್ಟಿನ ಚರ್ಮ ಕರುವಿನದೋ ಕುರಿಯದೋ, ಇಷ್ಟನ್ನು ಬಾಯಿಪಾಠ ಒಪ್ಪಿಸುತ್ತಿದ್ದ. ಅವನ ಹತ್ತಿರ ನಾಲ್ಕು ಸಂಪುಟಗಳ ಒಂದು ಕಟ್ಟಿತ್ತು. ಮೂರನೆಯದಕ್ಕೆ ಶೀರ್ಷಿಕೆಯ ಹಾಳೆಯೇ ಇರಲಿಲ್ಲ. ನಾಲ್ಕು ಜನ ಕೂತ ಫೋಟೋದಲ್ಲಿ ಒಬ್ಬನ ಮುಖ ಹರಿದಂತೆ, ಅದು ಅವನನ್ನು ಕೊರೆಯುತ್ತಿತ್ತು. ಅದರ ಬೆನ್ನು ರಿಪೇರಿಗೆಂದು ಇಲ್ಲಿಗೆ ಬಂದರೆ, ಅಜ್ಜನ ಕಪಾಟಿನಲ್ಲಿ ಅದೇ ಮೂರನೆಯ ಸಂಪುಟ. ಯಾರೋ ಗಿರಾಕಿ ಕೊಟ್ಟು, ಮರಳಿ ಬರದೆ ಹೋದದ್ದು. ಅದರಲ್ಲಿ ಶೀರ್ಷಿಕೆಯ ಹಾಳೆಯಿತ್ತು. ಹಾಳೆಯ ಬೆನ್ನಲ್ಲಿ ಮಾತ್ರ ನೀಲಿ ಶಾಯಿಯ ನಾಲ್ಕೈದು ಸಾಲು.

"ಅದು ನನ್ನ ಮಗಳು ಬರೆದಿದ್ದು," ಎಂದ ಅಜ್ಜ. "ಗಂಟಲಿನ ರೋಗ ಬಂತು ಅವಳಿಗೆ. ಮಾತು ಹೋಯ್ತು. ಅಗೋ ಆ ಬೆಂಚಿನ ಮೇಲೆ ಮಲಗಿರ್ತಿದ್ಲು, ಸೂಜಿಗೆ ದಾರ ಪೋಣಿಸಿ ಕೊಡ್ತಿದ್ಲು. ಆವತ್ತು ಕೈ ಆಡಿಸಿ ಕರೆದ್ಲು. ನಾನು ಪ್ರೆಸ್ಸಿನ ತಿರುಪು ಬಿಗಿ ಮಾಡ್ತಿದ್ದೆ. ಇರಮ್ಮ, ಬಂದೆ ಅಂದೆ. ಕೈಗೆ ಸಿಕ್ಕಿದ ಪುಸ್ತಕ ತೆರೆದು ಬರೆದ್ಲು. ನಾನು ಕೈ ಒರೆಸ್ಕೊಂಡು ಹೋಗೋ ಹೊತ್ತಿಗೆ ಅವಳಿರಲಿಲ್ಲ."

"ಏನು ಬರೆದಿದ್ದಾಳೆ?"

"ನಂಗೆ ಓದು ಬರಲ್ಲ, ಡಾಕ್ಟ್ರೇ."

ವೈದ್ಯ ತಬ್ಬಿಬ್ಬಾದ. ಐವತ್ತು ವರ್ಷ ಪುಸ್ತಕ ಹೊಲಿದ ಕೈಗೆ ಅಕ್ಷರ ಗೊತ್ತಿಲ್ಲ. ಮಡಿಕೆಯ ಗುರುತು ನೋಡಿ ಹಾಳೆ ಜೋಡಿಸುತ್ತಿದ್ದನಂತೆ. ಒಳಗೇನಿದೆಯೆಂದು ಮಗಳು ಓದಿ ಹೇಳುತ್ತಿದ್ದಳಂತೆ.

"ಬೇರೆ ಯಾರ ಹತ್ರನೂ ಓದಿಸ್ಲಿಲ್ವಾ?"

"ಧೈರ್ಯ ಬರ್ಲಿಲ್ಲ. ನನ್ನ ಬೈದಿದ್ರೆ? ಕರೆದಾಗ ಬರ್ಲಿಲ್ವಲ್ಲ ಅಪ್ಪ ಅಂತ ಬರೆದಿದ್ರೆ?" ಅಜ್ಜ ಪುಸ್ತಕವನ್ನು ಮುಚ್ಚಿದ. "ನಾಲ್ಕು ವರ್ಷ ಆಯ್ತು. ನಾನೂ ಇನ್ನೆಷ್ಟು ದಿನ? ಈ ಶುಕ್ರವಾರ ಅವಳು ಹೋದ ದಿನ. ಬಂದು ಓದಿ ಹೇಳ್ತೀರಾ? ನೀವು ಹೊರಗಿನವರು. ನಿಮ್ಮ ಬಾಯಲ್ಲಾದ್ರೆ ತಡ್ಕೋತೀನಿ."

"ಅದಕ್ಕೇನಂತೆ, ಬರ್ತೀನಿ. ಈ ಬಾಯಿ ಹೊಲಿಯೋದು ಅಂದ್ರಲ್ಲ, ಅದೇನು ಕತೆ?"

ಅಜ್ಜ ಗೋಡೆಯ ಕಡೆ ನೋಡಿದ. ಅಲ್ಲಿ ಬಟ್ಟೆಯ ದಿಂಬಿನಲ್ಲಿ ಒಂದು ಸೂಜಿ ಚುಚ್ಚಿಟ್ಟಿತ್ತು. ಅದರಲ್ಲಿ ಮೊಳ ಉದ್ದದ ದಾರ.

"ನಮ್ಮಮ್ಮ ಮಾಟ ಮಾಡೋಳು. ನಂಗೂ ಕಲಿಸಿದ್ಲು. ಮಗಳು ಓದು ಕಲಿತ ಮೇಲೆ ನನ್ನ ಕೈ ಹಿಡ್ಕೊಂಡು ಆಣೆ ಹಾಕಿಸಿದ್ಲು, ಇನ್ನು ಅದನ್ನ ಮುಟ್ಟಲ್ಲ ಅಂತ. ಮುಟ್ಟಿಲ್ಲ. ಆದ್ರೆ ಈ ಹಾಳೆ, ಅವಳು ಕೊನೇಲಿ ಬಾಯಲ್ಲಿ ಒದ್ದೆ ಮಾಡಿ ಪೋಣಿಸಿದ ಆ ದಾರ, ಇವೆರಡಕ್ಕೆ ಏನಾದ್ರೂ ಆದ್ರೆ ನನ್ನ ಆಣೆ ನಿಲ್ಲಲ್ಲ."

"ಒಳ್ಳೇ ಕಾವಲು ಇಟ್ಟಿದ್ದೀರಿ ಬಿಡಿ," ಎಂದು ನಗುತ್ತಲೇ ವೈದ್ಯ ಮೆಟ್ಟಿಲೇರಿದ. ಅವನ ತಲೆಯಲ್ಲಿ ಶುಕ್ರವಾರ ಇರಲಿಲ್ಲ. ಆ ಹಾಳೆಯ ಅಂಚಿನ ಅಗಲ ಇತ್ತು.

ಬುಧವಾರ ಮಧ್ಯಾಹ್ನ ಅವನು ಮತ್ತೆ ಇಳಿದು ಬಂದ. ಅಜ್ಜ ಹಿಂದಿನ ಕೋಣೆಯಲ್ಲಿ ಸರಿ ಕಾಯಿಸುತ್ತಿದ್ದ. ತಳ ಹಿಡಿಯದಂತೆ ಕೈ ಬಿಡದೆ ತಿರುವಬೇಕು. ಹತ್ತು ನಿಮಿಷವಾದರೂ ಅಲ್ಲಿಂದ ಏಳುವಂತಿಲ್ಲ. ವೈದ್ಯನಿಗೆ ಅಷ್ಟು ಸಾಕಾಗಿತ್ತು. ಹಳೆಯ ಪುಸ್ತಕದಿಂದ ಸದ್ದಿಲ್ಲದೆ ಹಾಳೆ ತೆಗೆಯುವ ಉಪಾಯವೊಂದು ಈ ಹುಚ್ಚಿನವರಿಗೆಲ್ಲ ಗೊತ್ತು. ದಾರವನ್ನು ಬಾಯಲ್ಲಿಟ್ಟು ಚೆನ್ನಾಗಿ ನೆನೆಸಿ, ಹಾಳೆಯ ಬುಡಕ್ಕೆ ಉದ್ದಕ್ಕೆ ಇಟ್ಟು, ಪುಸ್ತಕ ಮುಚ್ಚಿ ಕಾಯಬೇಕು. ಕಾಗದ ಅಲ್ಲಿಯೇ ಮೆತ್ತಗಾಗುತ್ತದೆ. ಕತ್ತರಿ ಬೇಡ.

ಜೇಬಿನಲ್ಲಿ ಹಲ್ಲಿನ ಸಂದಿ ಉಜ್ಜುವ ದಾರದ ಡಬ್ಬಿಯಿತ್ತು. ತೆರೆದರೆ ಖಾಲಿ. ಅತ್ತಿತ್ತ ನೋಡಿದ. ಗೋಡೆಯ ಸೂಜಿ ಕಂಡಿತು. ಒಂದು ಗಳಿಗೆ ಕೈ ತಡೆಯಿತು. ಆಮೇಲೆ ತನ್ನ ಅಂಜಿಕೆಗೆ ತಾನೇ ನಕ್ಕು ದಾರವನ್ನು ಸೂಜಿಯಿಂದ ಎಳೆದುಕೊಂಡು ನಾಲಿಗೆಯ ಮೇಲಿಟ್ಟ. ಕಹಿ. ಹಳೆಯ ಔಷಧಿಯ ಕಹಿ. ಅದರ ಹಿಂದೆ, ಜ್ವರ ಬಂದವರ ಉಸಿರಿನಂಥ ಒಂದು ಬೆಚ್ಚನೆ ವಾಸನೆ.

ದಾರ ಇಟ್ಟು ಪುಸ್ತಕ ಮುಚ್ಚಿ ಅಂಗೈಯಿಂದ ಒತ್ತಿ ಹಿಡಿದ. ಒಳಗೆ ಸರಿ ಬೊಳ ಬೊಳ ಕುದಿಯುತ್ತಿತ್ತು. ಕಿಟಕಿಯಲ್ಲಿ ಪಾದಗಳು ಹೋದವು, ಬಂದವು. ದೇವರು ಆ ಹತ್ತು ನಿಮಿಷವನ್ನು ಅವನಿಗೆ ಕೊಟ್ಟದ್ದು ಮನಸ್ಸು ಬದಲಿಸಲಿಕ್ಕೆ ಇರಬೇಕು. ಅವನು ಬದಲಿಸಲಿಲ್ಲ.

ಬೆಣ್ಣೆಯಿಂದ ಕೂದಲು ತೆಗೆದಷ್ಟು ನಯವಾಗಿ ಹಾಳೆ ಬಂತು. ಅದನ್ನು ಚೀಲಕ್ಕೆ ಸೇರಿಸುವಷ್ಟರಲ್ಲಿ ಒಳಗೆ ಕಾಲಿನ ಸದ್ದಾಯಿತು. ಗಡಿಬಿಡಿಯಲ್ಲಿ ಪುಸ್ತಕವನ್ನು ಕಪಾಟಿಗೆ ತಳ್ಳಿದ. ಒದ್ದೆ ದಾರ ಪುಸ್ತಕದೊಳಗೇ ಉಳಿಯಿತು.

ಮನೆಯಲ್ಲಿ ಅವನ ಅಕ್ಕ ಇದ್ದಳು. ಗಂಡ ತೀರಿಕೊಂಡ ಮೇಲೆ ತಮ್ಮನ ಮನೆ ನಡೆಸುತ್ತಿದ್ದವಳು. ವೈದ್ಯ ಅಗಲವಾದ ತಟ್ಟೆಯಲ್ಲಿ ಬಿಳುಪಿನ ಔಷಧಿ ಕಲಸಿ ಹಾಳೆಯನ್ನು ಮುಳುಗಿಸುತ್ತಿದ್ದಾಗ ಅವಳು ಬಂದು ಬಗ್ಗಿ ನೋಡಿದಳು.

"ಇದೇನೋ, ಹಲ್ಲು ಕಿತ್ತು ಸಾಕಾಗಿ ಈಗ ಬಟ್ಟೆ ಒಗೆಯೋಕೆ ಶುರು ಮಾಡಿದ್ಯಾ?"

"ಕೊಳೆ ತೆಗೀತಿದ್ದೀನಿ, ಅಕ್ಕ."

"ಕೊಳೆ ಎಲ್ಲೋ? ಯಾರೋ ಬರೆದಿದ್ದಾರೆ. ಕನ್ನಡಕ ಇಲ್ಲ ನೋಡು... ಅಪ್ಪ ಅಂತಿದೆ ಮೊದಲು. ಮುಂದೆ ಏನದು? ಓದಿದ್ಯಾ?"

"ಓದೋಕಲ್ಲ ಇದು. ಹಾಳೆ ಚೊಕ್ಕ ಆಗ್ಬೇಕು, ಅಷ್ಟೆ."

"ಕೂಡಿಡೋದು ಪುಸ್ತಕ, ಓದೋದು ಮಾತ್ರ ಬೇಡ. ನಿನ್ನಂಥವನು ಅಡುಗೆಮನೆಯಲ್ಲಿ ಉಪವಾಸ ಸಾಯ್ತಾನೆ," ಎಂದು ಗೊಣಗುತ್ತ ಅಕ್ಕ ಕನ್ನಡಕ ತರಲು ಒಳಗೆ ಹೋದಳು.

ಅವಳು ಬರುವಷ್ಟರಲ್ಲಿ ನೀಲಿ ಶಾಯಿ ಹೊಗೆಯ ಹಾಗೆ ಮೇಲೆದ್ದು ನೀರಿನಲ್ಲಿ ಕರಗಿತ್ತು. ಹಾಳೆಯ ಬೆನ್ನು ಹಾಲಿನಂತೆ ಬೆಳ್ಳಗಿತ್ತು. ಅವನ ಕೈಯ ಕೆಲಸ ಅಷ್ಟು ಶುದ್ಧ.

ಗುರುವಾರ ಬೆಳಗ್ಗೆ ಹಲ್ಲುಜ್ಜುವಾಗ ಬಲಗಡೆಯ ದವಡೆಯಲ್ಲಿ ಏನೋ ಸಿಕ್ಕಿಕೊಂಡಂತಾಯಿತು. ನಾಲಿಗೆಯಿಂದ ತಡವಿದ. ದಾರದ ತುದಿ. ಬೆರಳಿಂದ ಹಿಡಿದು ಎಳೆದ. ಬಂತು. ಇನ್ನಷ್ಟು ಎಳೆದ. ಇನ್ನಷ್ಟು ಬಂತು. ಕನ್ನಡಿಯ ಮುಂದೆ ನಿಂತು ಎರಡೂ ಕೈಯಿಂದ ಎಳೆಯತೊಡಗಿದ. ಗೇಣು, ಮೊಳ, ಮಾರು. ಒದ್ದೆಯಾದ ಕಹಿ ದಾರ ಬೋಗುಣಿಯಲ್ಲಿ ಸುರುಳಿ ಸುರುಳಿಯಾಗಿ ಬೀಳುತ್ತಿತ್ತು. ಪ್ರತಿ ಎಳೆತಕ್ಕೂ ಎದೆಯ ಆಳದಲ್ಲಿ ಎಲ್ಲೋ ಒಂದು ಗಂಟು ಸಡಿಲಾದಂತೆ. ಔಷಧಿಯ ವಾಸನೆ ಕೋಣೆಯನ್ನು ತುಂಬಿತು.

ಆಮೇಲೆ ದಾರ ನಿಂತಿತು.

ಬೆರಳುಗಳ ನಡುವೆ ಅದು ಮಿಸುಕಿತು. ಹಿಂದಕ್ಕೆ ಸರಿಯಿತು.

ಅವನು ಬಿಗಿಯಾಗಿ ಹಿಡಿದ. ಬೆರಳು ಕೊಯ್ದು ರಕ್ತ ಬಂತು. ದಾರ ನಿಲ್ಲಲಿಲ್ಲ. ಬೋಗುಣಿಯ ಸುರುಳಿ ತಾನಾಗಿ ಬಿಚ್ಚಿಕೊಂಡಿತು. ಮೇಲೇರಿತು. ಬಾಯೊಳಗೆ ನುಗ್ಗಿತು. ಬಲ ಮೂಲೆಯಲ್ಲಿ ಕೆಳತುಟಿಗೆ ಚುಚ್ಚಿತು. ಮೇಲ್ತುಟಿಗೆ ಚುಚ್ಚಿತು. ಎಳೆಯಿತು. ತುಟಿಗೆ ತುಟಿ ಸೇರಿತು. ಮತ್ತೆ ಚುಚ್ಚಿತು. ಯಾರೋ ಪಳಗಿದವರು, ಅವಸರವಿಲ್ಲದವರು, ಒಂದೊಂದೇ ಹೊಲಿಗೆ ಹಾಕುತ್ತಿದ್ದರು. ಅವನು ಕೂಗಿದ. ಕೂಗು ಅರ್ಧ ಬಾಯಲ್ಲಿ ಹೊರಬಂತು.

ಅಕ್ಕ ಓಡಿ ಬಂದಳು. ಅವಳಿಗೆ ದಾರ ಕಾಣಲಿಲ್ಲ. ಬಲಭಾಗದ ತುಟಿ ಅಂಟಿಕೊಂಡಿತ್ತು. ಸೂಜಿ ಮೊನೆಯಂಥ ತೂತುಗಳ ಸಾಲು ಮಾತ್ರ ಕಂಡಿತು. ಅವನು ಕತ್ತರಿ ಹಾಕಿದ. ತುಟಿ ಕತ್ತರಿಸಿತು, ದಾರ ಕತ್ತರಿಸಲಿಲ್ಲ. ದೊಡ್ಡ ಆಸ್ಪತ್ರೆಯ ವೈದ್ಯರು ದೀಪ ಹಿಡಿದು ನೋಡಿ, ದಾರ ಏನೂ ಇಲ್ಲವಲ್ಲ ಎಂದರು.

ಶುಕ್ರವಾರ ಅವನು ಹಾಳೆಯನ್ನು ಎದೆಗವಚಿಕೊಂಡು ನಾಲ್ಕು ಮೆಟ್ಟಿಲು ಇಳಿದ. ಅಕ್ಕ ಹಿಂದೆಯೇ ಬಂದಳು. ಅಜ್ಜ ಬೆಂಚಿನ ಮೇಲೆ ಕೂತಿದ್ದ. ಅವನ ಮಡಿಲಲ್ಲಿ ಖಾಲಿ ಹಾಳೆಗಳ ಒಂದು ಸಣ್ಣ ಕಟ್ಟು. ಅದರ ಬೆನ್ನು ಅರ್ಧ ಹೊಲಿದಿತ್ತು, ಸೂಜಿ ಅದರಲ್ಲೇ ನಿಂತಿತ್ತು.

"ದಾರ ಬಿಟ್ಟುಹೋಗಿದ್ರಿ, ಡಾಕ್ಟ್ರೇ," ಎಂದ ಅಜ್ಜ. ದನಿಯಲ್ಲಿ ಸಿಟ್ಟೇ ಇರಲಿಲ್ಲ. ಅದೇ ಹೆಚ್ಚು ಭಯ ಹುಟ್ಟಿಸಿತು. "ಅದರಲ್ಲಿ ಅವಳ ಬಾಯಿ ನೀರೂ ಇತ್ತು, ನಿಮ್ಮದೂ ಇತ್ತು. ಅದರಲ್ಲೇ ಈ ಕಟ್ಟು ಹೊಲಿದೆ. ಇದಕ್ಕಿಂತ ಒಳ್ಳೇ ದಾರ ನಮ್ಮಮ್ಮನಿಗೂ ಸಿಕ್ಕಿರಲಿಲ್ಲ. ಮಗಳಿಗೆ ಕೊಟ್ಟ ಮಾತು ಮುರಿದೆ. ಅದಕ್ಕೆ ನಾನೂ ದೇವರ ಮುಂದೆ ತಲೆ ಬಗ್ಗಿಸಿ ನಿಲ್ತೀನಿ. ನಿಮ್ಮ ಪಕ್ಕದಲ್ಲೇ ನಿಲ್ತೀನಿ."

"ತಪ್ಪಾಯ್ತು," ಎಂದು ವೈದ್ಯ ಅರ್ಧ ಬಾಯಲ್ಲಿ ತೊದಲಿದ. "ಹಾಳೆ ತಗೊಳ್ಳಿ. ಬಿಚ್ಚಿಬಿಡಿ."

ಅಜ್ಜ ಹಾಳೆಯನ್ನು ತಿರುಗಿಸಿದ. ಅಕ್ಷರ ಬಾರದ ಕಣ್ಣಿಗೂ ಅದು ಖಾಲಿಯೆಂದು ತಿಳಿಯಿತು. ನೀಲಿ ಇದ್ದ ಜಾಗದ ಮೇಲೆ ಬೆರಳಾಡಿಸಿದ.

"ಹೋಗ್ಲಿ. ಶಾಯಿ ಹೋದ್ರೆ ಹೋಗ್ಲಿ. ಅಳಿಸೋ ಮುಂಚೆ ಓದಿರ್ತೀರಲ್ಲ? ಏನಂದಿದ್ಲು ಹೇಳಿ. ಆ ಮಾತು ನಿಮ್ಮ ಬಾಯಿಂದ ಬಂದ್ರೆ ಹೊಲಿಗೆ ತಾನಾಗಿ ಬಿಚ್ಚುತ್ತೆ. ಹಾಗೇ ಕಟ್ಟಿದ್ದೀನಿ."

ವೈದ್ಯ ಅಕ್ಕನ ಮುಖ ನೋಡಿದ. ಅಕ್ಕ ನೆಲ ನೋಡಿದಳು.

"ನಾನು ಕಂಡಿದ್ದು ಅಪ್ಪ ಅನ್ನೋದು ಒಂದೇ," ಎಂದಳು ಮೆಲ್ಲಗೆ. "ಕನ್ನಡಕ ತರೋಕೆ ಹೋದೆ."

ಅಪ್ಪ ಎಂಬ ಮಾತು ಕೇಳಿ ಅಜ್ಜ ಮುಂದಕ್ಕೆ ಬಗ್ಗಿದ. "ಆಮೇಲೆ?"

ವೈದ್ಯ ಜಾಣ. ಮುದುಕನಿಗೆ ಏನು ಬೇಕೆಂದು ಅವನಿಗೆ ಗೊತ್ತಿತ್ತು. ಕಣ್ಣು ಮುಚ್ಚಿ, ನೆನಪು ಮಾಡಿಕೊಂಡವನಂತೆ ಹೇಳಿದ: "ಅಪ್ಪ, ನಿನ್ನ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ."

ಅಜ್ಜನ ಕಣ್ಣಿಂದ ನೀರಿಳಿಯಿತು. ನಾಲ್ಕು ವರ್ಷ ಹೊತ್ತದ್ದನ್ನು ಇಳಿಸಿದವನಂತೆ ಗೋಡೆಗೆ ಒರಗಿದ. ಅದೊಂದು ಗಳಿಗೆ.

ಆಗ ಸದ್ದಾಯಿತು. ಕಾಗದದ ಮೂಲಕ ದಾರ ಎಳೆದಾಗ ಆಗುವ ಸದ್ದು. ಮಡಿಲಿನ ಕಟ್ಟಿನಲ್ಲಿದ್ದ ಸೂಜಿ ತಾನಾಗಿ ಎದ್ದು ಇಳಿಯಿತು. ವೈದ್ಯ ಬಾಯಿ ಹಿಡಿದುಕೊಂಡು ಕುಸಿದ. ಒಂದು ಹೊಲಿಗೆ. ಎರಡು. ಮೂರು. ಎಡಗಡೆ ಕಿರುಬೆರಳು ತೂರುವಷ್ಟು ಸಂದು ಉಳಿಯಿತು.

ಅಜ್ಜ ಸೂಜಿಯನ್ನೇ ನೋಡುತ್ತಿದ್ದ.

"ಸಿಟ್ಟಿತ್ತಾ ಹಾಗಾದ್ರೆ?" ಎಂದು ಕೇಳಿದ. ಅದಕ್ಕೆ ಉತ್ತರ ಕೊಡಬಲ್ಲವರು ಈ ಲೋಕದಲ್ಲಿ ಯಾರೂ ಇರಲಿಲ್ಲ.

ಆವತ್ತಿನಿಂದ ವೈದ್ಯ ದಿನವೂ ಆ ಬೆಂಚಿನ ಮೇಲೆ ಕೂರುತ್ತಾನೆ. ಕಿಟಕಿಯ ಬೆಳಕು ಬೀಳುವ ಕಡೆ ಹಾಳೆ ಹಿಡಿದು, ಭೂತಗನ್ನಡಿಯಿಟ್ಟು, ಮೇಲಿಂದ, ಓರೆಯಿಂದ, ಹಿಂದಿನಿಂದ ನೋಡುತ್ತಾನೆ. ಲೇಖನಿ ಒತ್ತಿದ ಗುರುತಾದರೂ ಉಳಿದಿದೆಯೇ ಎಂದು ಹುಡುಕುತ್ತಾನೆ. ಏನೂ ಉಳಿದಿಲ್ಲ. ಅವನೇ ತೊಳೆದದ್ದಲ್ಲವೇ. ಅವನ ನಾಲ್ಕು ಸಂಪುಟಗಳು ಮನೆಯಲ್ಲಿ ಧೂಳು ತಿನ್ನುತ್ತಿವೆ. ಮಧ್ಯಾಹ್ನ ಅಕ್ಕ ಗಂಜಿ ತಂದು, ಉಳಿದ ಸಂದಿಯಲ್ಲಿ ಸಣ್ಣ ನಳಿಕೆ ತೂರಿಸಿ ಕುಡಿಸುತ್ತಾಳೆ. ಒಮ್ಮೊಮ್ಮೆ ಅಳುತ್ತಾಳೆ, ಒಮ್ಮೊಮ್ಮೆ ಬೈಯುತ್ತಾಳೆ: "ಒಂದು ಸಲ ಓದಿದ್ರೆ ಏನು ಗಂಟು ಹೋಗ್ತಿತ್ತೋ ನಿಂದು?"

ವರ್ಷ ತುಂಬಿ, ಮಗಳು ಹೋದ ಆ ದಿನ ಮತ್ತೆ ಬಂತು. ಅಜ್ಜ ಪ್ರೆಸ್ಸಿನ ತಿರುಪು ಬಿಟ್ಟು, ಕೈ ಒರೆಸಿಕೊಂಡು ಬಂದು ವೈದ್ಯನ ಪಕ್ಕ ಕೂತ. ಬಹಳ ಸೊರಗಿದ್ದ. ಹೊಲಿದ ಕಟ್ಟು ಅವನ ಕೈಯಲ್ಲಿತ್ತು. ಅದರ ಬೆನ್ನಲ್ಲಿ ಒಂದೇ ಒಂದು ಹೊಲಿಗೆಗೆ ಜಾಗವಿತ್ತು.

"ಡಾಕ್ಟ್ರೇ," ಎಂದ ಮೆತ್ತಗೆ, "ಸುಳ್ಳಾದ್ರೂ ಪರವಾಗಿಲ್ಲ. ಆವತ್ತು ಹೇಳಿದ್ರಲ್ಲ, ಆ ಮಾತು. ಇನ್ನೊಂದು ಸಲ ಹೇಳಿಬಿಡಿ."

ಹೇಳಿ ತನ್ನ ಕಿವಿಯನ್ನು ಆ ಸಂದಿಯ ಹತ್ತಿರ ತಂದಿಟ್ಟ.

ವೈದ್ಯ ಅಕ್ಕನ ಕೈಯಲ್ಲಿದ್ದ ಗಂಜಿಯ ಬಟ್ಟಲನ್ನು ನೋಡಿದ. ಸೂಜಿಯನ್ನು ನೋಡಿದ. ತಲೆಯಾಡಿಸಿದ, ಇಲ್ಲವೆಂದು.

"ಸರಿ," ಎಂದ ಅಜ್ಜ. "ನಾಳೆ ಕೇಳ್ತೀನಿ."

ಅವನು ಎದ್ದು ಹೋಗಲಿಲ್ಲ. ಕಿವಿಯನ್ನೂ ತೆಗೆಯಲಿಲ್ಲ.