ಪಟದ ಕಪ್ಪು ಕಣ್ಣು

"ನನ್ನ ಮಗ ಅಂಥವ ಅಲ್ಲ ತುಂಗಮ್ಮ. ಅವನನ್ನು ಉಳಿಸಿಕೊಡಿ," ಎಂದು ಸತ್ಯನಾರಾಯಣ ರಾಯರು ಪೋರೂರಿನ ನಮ್ಮ ಮನೆಯಲ್ಲಿ ಕುಳಿತು ಅತ್ತರು. ಬೆಸೆಂಟ್ ನಗರದಲ್ಲಿ ಅವರದು ಉಡುಪಿ ಹೋಟೆಲು. ಹೆರಿಗೆಯಾದ ಒಂಬತ್ತನೇ ದಿನ ಮೌನ ಎಂಬ ಹೆಸರಿನ ಅವರ ಸೊಸೆ ಬಾಣಂತಿ ಕಷಾಯ ಕುಡಿದು ಸತ್ತಿದ್ದಳು. ಲೋಟದಲ್ಲಿ ಇಲಿಪಾಷಾಣವಿತ್ತು, ಅದನ್ನು ಕೊಟ್ಟವನು ಗಂಡ ಅಭಿಲಾಷ್. ಅಪ್ಪ ಅಮ್ಮ ಇಬ್ಬರೂ ಕಪ್ಪು, ಮಗು ಮಾತ್ರ ಬಿಳಿ, ಅದಕ್ಕೆ ಬೆಕ್ಕಿನ ಕಣ್ಣು. ಶಂಕೆಯಿಂದ ಕೊಂದನೆಂದು ಪೊಲೀಸರು ಅವನನ್ನು ಒಯ್ದಿದ್ದರು.

ಮಗುವಿನ ಮೇಲೆ ನಿಮಗೂ ಸಂಶಯವಿತ್ತೇ ಎಂದು ತುಂಗಾ ಕೇಳಿದಳು.

"ಛೆ, ನಮ್ಮದೇ ರಕ್ತ. ಒಂದು ದಿನವೂ ಹಾಗೆ ಎಣಿಸಲಿಲ್ಲ."

ತುಂಗಾ ಮೂವತ್ತು ವರ್ಷ ವಂಶವಾಹಿ ಪರೀಕ್ಷೆಯ ಲ್ಯಾಬಿನಲ್ಲಿ ದುಡಿದವಳು, ಈಗ ಇಂಥ ಪ್ರಕರಣಗಳಲ್ಲಿ ಪೊಲೀಸರಿಗೆ ನೆರವಾಗುವವಳು. ಅವಳ ಜೊತೆ ಒಂದೇ ಮನೆಯಲ್ಲಿರುವ ನಾನೂ ಅವಳ ಹಿಂದೆ ರಾಯರ ಮನೆಗೆ ಹೊರಟೆ.

ರಾಯರ ಮನೆಯ ದೇವರ ಕೋಣೆಯಲ್ಲಿ ಅವರ ತಾಯಿಯ ಬಣ್ಣದ ಪಟವಿತ್ತು. ಕಾಡಿಗೆಗಪ್ಪು ಕಣ್ಣು, ಮೇಲೆ ತಾಜಾ ಮಲ್ಲಿಗೆ. ಆಕೆ ರಾಯರನ್ನು ಹೆತ್ತೇ ತೀರಿಕೊಂಡರಂತೆ, ಅವರು ತಾಯಿಯನ್ನು ಕಂಡದ್ದು ಈ ಪಟದಲ್ಲಿ ಮಾತ್ರ. ಇದನ್ನು ಹೇಳಿದ್ದು ಮಗುವನ್ನೆತ್ತಿಕೊಂಡಿದ್ದ ಅವರ ಹೆಂಡತಿ ಪ್ರೇಮಮ್ಮ.

"ಮಗು ಹುಟ್ಟಿದ ಮೇಲೂ ಪೂಜೆ ಬಿಡ್ಲಿಲ್ಲ ಇವ್ರು. ಅಮೆ ಅಲ್ವಾ ಅಂತ ಕೇಳಿದ್ರೂ ದಿನಾ ಹೂ ಏರಿಸಿದ್ರು."

ಅಮೆ ಎಂದರೆ ಹೆರಿಗೆಯ ಮೈಲಿಗೆ. ಮಗುವಿನ ವಂಶದವರು ಹತ್ತು ದಿನ ಪೂಜೆ ಮುಟ್ಟುವಂತಿಲ್ಲ. ತುಂಗಾ ಪಟ ಇಳಿಸಿ ಹಿಂದಿನ ರಟ್ಟು ಬಿಚ್ಚಿ ನೋಡಿದಳು. ಆಮೇಲೆ ಅಡುಗೆಮನೆಯಲ್ಲಿ ತೊಳೆಯದೆ ಉಳಿದಿದ್ದ, ಹೋಟೆಲಿನಿಂದ ಬಂದ ಕಷಾಯದ ಫ್ಲಾಸ್ಕನ್ನು ಪರೀಕ್ಷೆಗೆಂದು ಇನ್ಸ್‌ಪೆಕ್ಟರರಿಗೆ ಕಳಿಸಿದಳು.

ವಾರದ ನಂತರ ಇನ್ಸ್‌ಪೆಕ್ಟರ್ ಅಭಿಲಾಷನನ್ನೂ ಕರೆತಂದರು. ಎಲ್ಲರೂ ಆ ಪಟದ ಮುಂದೆ ಕುಳಿತೆವು.

"ಪಾಷಾಣ ಲೋಟಕ್ಕೆ ಬಿದ್ದದ್ದಲ್ಲ, ಫ್ಲಾಸ್ಕಿನಲ್ಲೇ ಬಂದದ್ದು," ಎಂದಳು ತುಂಗಾ. "ಹೋಟೆಲಿನಲ್ಲಿ ಕಷಾಯ ಕುದಿಸಿ ತುಂಬಿಸಿದವರು ನೀವು, ರಾಯರೇ. ನಮ್ಮದೇ ರಕ್ತ ಅಂದಿರಿ. ಹಾಗಾದರೆ ಅಮೆಯಲ್ಲಿ ಪೂಜೆ ಹೇಗೆ ಮಾಡಿದಿರಿ? ಮಗು ನಿಮ್ಮದಲ್ಲ ಎಂದು ನೀವು ಮೊದಲೇ ತೀರ್ಮಾನಿಸಿದ್ದಿರಿ. ಮಗ ಸಿಕ್ಕಿಬೀಳುತ್ತಾನೆಂದು ಮಾತ್ರ ಎಣಿಸಿರಲಿಲ್ಲ."

ರಾಯರು ತಲೆಯೆತ್ತಿದರು. "ನಮ್ಮ ಮನೆತನದಲ್ಲಿ ಯಾರಿಗೂ ಆ ಕಣ್ಣಿಲ್ಲ. ಮರ್ಯಾದೆ ಉಳಿಸಿದೆ."

ಮಗು ಅಭಿಲಾಷನದೇ ಎಂಬ ಡಿಎನ್ಎ ವರದಿಯನ್ನು ತುಂಗಾ ಅವರ ಮುಂದಿಟ್ಟಳು. ಮೈಬಣ್ಣವಾಗಲಿ ಕಣ್ಣಿನ ಬಣ್ಣವಾಗಲಿ ಒಂದೇ ವಂಶವಾಹಿಯ ಕೆಲಸವಲ್ಲ, ತಲೆಮಾರುಗಟ್ಟಲೆ ಅಡಗಿದ್ದು ಎರಡೂ ಕಡೆಯಿಂದ ಸೇರಿದಾಗ ಹೊರಬರುತ್ತದೆ ಎಂದಳು. ಆಮೇಲೆ ಪಟದ ಹಿಂದೆ ಸಿಕ್ಕಿದ್ದ ಚಿಕ್ಕ ಕಪ್ಪುಬಿಳುಪು ಫೋಟೋ ತೆಗೆದಳು. ಮುಖ ಅದೇ. ಕಣ್ಣು ಮಾತ್ರ ತೆಳು ಬೂದಿಬಣ್ಣ, ನಡುವೆ ಪಾಪೆಯ ಒಂದು ಕಪ್ಪು ಚುಕ್ಕೆ.

"ಇದನ್ನೇ ದೊಡ್ಡದು ಮಾಡಿ ಬಣ್ಣ ಹಾಕುವಾಗ ಸ್ಟುಡಿಯೋದವನು ಕಣ್ಣಿಗೆ ಕಪ್ಪು ಬಳಿದಿದ್ದಾನೆ."

ಅಭಿಲಾಷ್ ಗೋಡೆಗೆ ಹಣೆ ಒತ್ತಿ ನಿಂತ. ರಾಯರು ಕೈ ಚಾಚಿ ಮಗುವಿನ ಕಡೆ ಬಂದರು. ಅಂಥವರ ಮೇಲೂ ನನಗೆ ಒಂದು ಗಳಿಗೆ ಅಯ್ಯೋ ಅನ್ನಿಸಿತು. ಪ್ರೇಮಮ್ಮ ಮಗುವಿನ ಮುಖಕ್ಕೆ ಸೆರಗು ಮುಚ್ಚಿದರು.

"ನಿಮ್ಮ ಅಮ್ಮನ ಕಣ್ಣು," ಎಂದರು. "ನೀವಿನ್ನು ನೋಡೋದು ಬೇಡ."