ಸಂಜೆ ಆರರವರೆಗೆ ರಜೆ

ನಾಲ್ಕು ಮತ್ತು ಐದನೇ ಮಹಡಿಯ ನಡುವೆ ಲಿಫ್ಟ್ ಗಕ್ಕನೆ ನಿಂತಿತು. ಒಳಗೆ ಅವಳೊಬ್ಬಳೇ, ಕೈಯಲ್ಲಿ ಕಸದ ಚೀಲ.

"ಅಯ್ಯೋ ದೇವರೇ, ಕಾಪಾಡಪ್ಪಾ..." ಎನ್ನುತ್ತಾ ಬಾಗಿಲು ಬಡಿದಳು.

"ದೇವರಿಗೆ ಈ ಬಿಲ್ಡಿಂಗಿನ ಕಾಂಟ್ರ್ಯಾಕ್ಟ್ ಇಲ್ಲಮ್ಮ, ನನಗಿದೆ. ಐದು ನಿಮಿಷ ತಡ್ಕೊಳ್ಳಿ," ಎಂದಿತು ಹೊರಗಿನಿಂದೊಂದು ಗಂಡು ದನಿ. ಅಚ್ಚ ಕನ್ನಡ!

ಪರದೇಶಕ್ಕೆ ಬಂದು ಎಂಟು ತಿಂಗಳಾಗಿತ್ತು. ಫೋನಿನಲ್ಲಿ ಬಿಟ್ಟರೆ ಅವಳು ಕೇಳಿದ ಮೊದಲ ಕನ್ನಡ ಅದೇ. ಬಾಗಿಲು ತೆರೆದಾಗ ಅವಳು ಅಳುತ್ತಿದ್ದಳು... ಭಯಕ್ಕಲ್ಲ.

ಅವನು ಲಿಫ್ಟ್ ಮೆಕ್ಯಾನಿಕ್. ಅವಳು ಒಂಬತ್ತನೇ ಮಹಡಿಯಲ್ಲಿ ಲಕ್ವ ಹೊಡೆದ ಅಜ್ಜಿಯೊಬ್ಬರನ್ನು ನೋಡಿಕೊಳ್ಳುವ ನರ್ಸ್. ಅಜ್ಜಿಯ ಮಗಳು, ಅವಳ ಪಾಲಿನ ಮೇಡಂ, ದಿನಾ ಹೊರಗಿನಿಂದ ಬೀಗ ಹಾಕಿಕೊಂಡು ಆಫೀಸಿಗೆ ಹೋಗುತ್ತಿದ್ದರು. ಬೆಳಿಗ್ಗೆ ಕಸ ಹಾಕಿ ಬರುವ ಹತ್ತು ನಿಮಿಷವಷ್ಟೇ ಅವಳದು.

ಅವನು ತಿಂಗಳಿಗೊಮ್ಮೆ ಸರ್ವಿಸಿಗೆ ಬರುತ್ತಿದ್ದ. ಆ ಹತ್ತು ನಿಮಿಷ ಮೆಟ್ಟಿಲ ಮೇಲೆ ನಿಂತೇ ಮಾತು.

"ಈ ಊರಲ್ಲಿ ನದಿ ಇದೆ, ದೋಣಿ ಇದೆ, ಗಡಿಯಾರದ ಗೋಪುರ ಇದೆ. ಒಂದಿನ ಎಲ್ಲಾ ತೋರಿಸ್ತೀನಿ, ನರ್ಸಮ್ಮ."

ಆಮೇಲೆ ಇದ್ದಕ್ಕಿದ್ದಂತೆ ಬರುವುದನ್ನೇ ಬಿಟ್ಟ. ಐದು ತಿಂಗಳು ಬೇರೆ ಯಾರೋ ಬಂದರು. 'ಬಾಯಿಮಾತಿಗೇನು, ಯಾರು ಬೇಕಾದರೂ ಆಡುತ್ತಾರೆ...' ಎಂದುಕೊಂಡು ಅವಳು ಮನಸ್ಸು ಗಟ್ಟಿ ಮಾಡಿಕೊಂಡಳು.

ಎರಡು ವರ್ಷದ ಕರಾರು ಮುಗಿಯಿತು. ಹೊಸ ನರ್ಸ್ ಬಂದಳು. ನಾಳೆ ಬೆಳಿಗ್ಗೆ ವಿಮಾನ.

"ಇವತ್ತು ಊರು ನೋಡಿಕೊಂಡು ಬಾ," ಎಂದರು ಮೇಡಂ. "ಸಂಜೆ ಆರಕ್ಕೆ ವಾಪಸ್ ಇರಬೇಕು. ಪಾಸ್‌ಪೋರ್ಟ್ ನಾಳೆ ಏರ್‌ಪೋರ್ಟಿನಲ್ಲೇ ಕೊಡ್ತೀನಿ."

ಲಿಫ್ಟಿನೊಳಗೆ ಅಂಟಿಸಿದ್ದ ಕಂಪನಿಯ ನಂಬರಿಗೆ ಅವಳು ಫೋನ್ ಮಾಡಿದಳು. ಲಿಫ್ಟ್ ಕೆಟ್ಟಿದೆಯಾ ಎಂದು ಕೇಳಿದರು. "ಇಲ್ಲ. ಕನ್ನಡ ಮಾತಾಡೋ ಮೆಕ್ಯಾನಿಕ್ ಬೇಕು."

ಅರ್ಧ ಗಂಟೆಯಲ್ಲಿ ಅವನು ರಜೆ ಹೇಳಿ, ಕೆಲಸದ ಬಟ್ಟೆಯಲ್ಲೇ ಓಡಿ ಬಂದ.

ದೋಣಿಯಲ್ಲಿ ಕೂತ ಮೇಲೆ ಅವಳೇ ಕೇಳಿದಳು. "ಹೇಳದೆ ಕೇಳದೆ ಹೋದ್ರಲ್ಲ?"

"ಕೆಲಸದವಳ ತಲೆ ಕೆಡಿಸ್ತಾನೆ ಅಂತ ನಿಮ್ಮ ಮೇಡಂ ದೂರು ಕೊಟ್ರು. ಆಮೇಲೆ ಕಂಪನಿಯವರು ನನ್ನನ್ನ ಆ ಬೀದಿ ಕೆಲಸಕ್ಕೇ ಹಾಕಲಿಲ್ಲ. ಕದ್ದು ಬಂದರೆ ಕಸ ಹಾಕೋಕೂ ನಿಮ್ಮನ್ನ ಬಿಡ್ತಿರಲಿಲ್ಲ. ಅದಕ್ಕೇ..."

ಅವಳು ನೀರು ನೋಡುತ್ತಾ ಕೂತಳು. ಐದು ತಿಂಗಳು ಇವನನ್ನು ಬೈದುಕೊಂಡೆನಲ್ಲ...

ಅವನು ಊರೆಲ್ಲ ತೋರಿಸಿದ. ಅವಳಿಗೆ ಮಾತ್ರ ಏನೂ ಮನಸ್ಸಿಗೆ ಹತ್ತಲಿಲ್ಲ. ಚಿತ್ರಶಾಲೆಯಲ್ಲಿ ಗೋಡೆಯಗಲದ ಚಿತ್ರದ ಮುಂದೆ ನಿಂತು, "ಗಂಟೆ ಒಂದಾಯ್ತು, ಅಜ್ಜಿಗೆ ಮಾತ್ರೆ ಕೊಡೋ ಹೊತ್ತು," ಎಂದಳು. ಗೋಪುರವನ್ನು ಅರ್ಧ ಹತ್ತಿ ಇಳಿದುಬಿಟ್ಟಳು. "ಮೇಲಿಂದ ನೋಡಿದ್ದು ಸಾಕಾಗಿದೆ ನಂಗೆ."

ಕೆಳಗೆ ಬರುವಷ್ಟರಲ್ಲಿ ಊರಿನಿಂದ ಅಣ್ಣನ ಫೋನು.

"ಇನ್ನೊಂದು ದೇಶದಲ್ಲಿ ಕೆಲಸ ಗೊತ್ತು ಮಾಡಿದ್ದೀನಿ ಕಣೇ. ಮೂರು ವರ್ಷ. ಹದಿನೈದು ದಿನದಲ್ಲಿ ಹೊರಡಬೇಕು. ಒಳ್ಳೆ ಮನೆಯಂತೆ, ಹೊರಗೆ ಕಾಲಿಡೋ ಪ್ರಮೇಯವೇ ಇಲ್ಲ."

ಅವಳು ಫೋನಿಟ್ಟು ಮೆಟ್ಟಿಲ ಮೇಲೆ ಕೂತು, ಅಣ್ಣ ಹೇಳಿದ್ದನ್ನು ಅವನಿಗೆ ಹೇಳಿದಳು. ವಿಷಯ ಕೇಳಿ ಅವನು ತಡವರಿಸುತ್ತಾ ಹೇಳಿದ.

"ಹೋಗಬೇಡಿ. ನನ್ನನ್ನ ಮದುವೆಯಾಗಿ... ಇಲ್ಲೇ ಇರಿ. ನನ್ನದೊಂದು ರೂಮಿದೆ. ನೀವು ಕೆಲಸಕ್ಕೆ ಹೋಗೋದೇ ಬೇಡ, ಮನೇಲಿ ಆರಾಮಾಗಿರಿ."

ಎಷ್ಟು ದಿನದಿಂದ ಕಾದಿದ್ದ ಮಾತು! ಎದೆ ಅರಳಿತು... ಮರುಕ್ಷಣವೇ ಭಾರವಾಯಿತು. ಇವನೂ ನನಗೊಂದು ಮನೆಯನ್ನೇ ತೋರಿಸುತ್ತಿದ್ದಾನೆ.

"ನಿಮ್ಮನ್ನ ಇಷ್ಟಪಟ್ಟಿದ್ದೀನಿ, ಸುಳ್ಳು ಹೇಳಲ್ಲ," ಎಂದಳು. "ಆದರೆ ಒಬ್ಬರ ಮನೆ ಒಳಗಿಂದ ಎದ್ದು ನೇರ ಇನ್ನೊಬ್ಬರ ಮನೆ ಒಳಗೆ ಬರೋಕೆ ನನ್ನಿಂದ ಆಗಲ್ಲ. ಸ್ವಲ್ಪ ದಿನ ನಾನು ನನ್ನಷ್ಟಕ್ಕೆ ಓಡಾಡಬೇಕು."

ಅವನ ಮುಖ ಸಣ್ಣದಾಯಿತು.

"ತಪ್ಪಾಯ್ತು. ನಿಮಗೇನು ಬೇಕು ಅಂತ ನಾನು ಕೇಳಲೇ ಇಲ್ಲ."

ಈವರೆಗೆ ಯಾರೂ ಕೇಳಿರಲಿಲ್ಲ. ಅವಳು ಫೋನ್ ತೆಗೆದಳು.

"ಅಣ್ಣಾ, ನಾನು ಎಲ್ಲಿಗೂ ಹೋಗಲ್ಲ. ನಮ್ಮೂರ ಆಸ್ಪತ್ರೇಲೇ ಕೆಲಸ ಹುಡುಕ್ತೀನಿ. ಬೈಯೋದಿದ್ರೆ ನಾಳೆ ಬಂದ ಮೇಲೆ ಬೈಯಿ." ಅಷ್ಟು ಹೇಳಿ ಫೋನಿಟ್ಟಳು. ಅವನು ನೀರಿನ ಬಾಟಲಿ ತೆಗೆದು ಕೊಟ್ಟ.

ಆರಕ್ಕೆ ಹತ್ತು ನಿಮಿಷ. ಬಿಲ್ಡಿಂಗಿನ ಗೇಟು.

"ಇಲ್ಲಿ ನನ್ನ ಕಾಂಟ್ರ್ಯಾಕ್ಟ್ ಇನ್ನೂ ಏಳು ತಿಂಗಳಿದೆ," ಎಂದ ಅವನು. "ಆಮೇಲೆ ನಿಮ್ಮೂರಿಗೆ ಬರಲಾ?"

"ಅಣ್ಣ ಬೈತಾನೆ."

"ಬೈಸ್ಕೊಳ್ತೀನಿ."

"ಅಮ್ಮ ನೂರು ಪ್ರಶ್ನೆ ಕೇಳ್ತಾಳೆ."

"ಉತ್ತರ ಹೇಳ್ತೀನಿ."

"ಎಷ್ಟು ದಿನ ಇರ್ತೀರಿ?"

"ನೀವು ಹೂಂ ಅನ್ನೋವರೆಗೆ."

ಅವಳು ತಲೆ ತಗ್ಗಿಸಿದಳು. ಅವನ ಕೊಳೆಯಾದ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಹೂಂ," ಎಂದಳು ಮೆಲ್ಲಗೆ. "ಆದರೂ ಬನ್ನಿ."