ಕೆಂಪು ಕಂಡರೂ ನಿಲ್ಲದವಳು

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಆ ದಿನ ನಮ್ಮ ಬಾಲ್ಕನಿಯ ಹಗ್ಗದ ಮೇಲೆ ಕೆಂಪು ಬಟ್ಟೆ ಕಂಡಾಗ ನಾನು ಬ್ರೇಕ್ ಒತ್ತಿದ್ದು ಸ್ಟಾಪ್ ಬಂತೆಂದು, ಹೆದರಿ ಅಲ್ಲ. ನನ್ನ ಗಂಡ ಈ ಕಥೆ ಹೇಳುವಾಗ, “ಪಾಪ, ಬಸ್ಸಿಗೆ ಬಸ್ಸೇ ನಡುಗಿಹೋಯ್ತು” ಎಂದು ಒಗ್ಗರಣೆ ಹಾಕುತ್ತಾನೆ. ನಂಬಬೇಡಿ. ನಾನು ಓಡಿಸುವ ಬಸ್ಸಿನಲ್ಲಿ ನಿಂತವರ ಕೈಯಲ್ಲಿನ ಕಾಫಿ ಕೂಡ ತುಳುಕುವುದಿಲ್ಲ.

ನಾನು ಸುತ್ತು ಬಸ್ಸಿನ ಡ್ರೈವರ್. ಮಾರ್ಕೆಟ್, ಆಸ್ಪತ್ರೆ, ಸೇತುವೆ, ಶಾಲೆ, ಮತ್ತೆ ಮಾರ್ಕೆಟ್. ಇಡೀ ಶಿಫ್ಟು ಅದೇ ಸುತ್ತು. ನಡುವಿನ ಒಂದು ಸ್ಟಾಪ್ ನಮ್ಮ ಮನೆಯ ಎದುರಿಗೇ ಇದೆ. ಮೊದಲ ಮಹಡಿ, ಕಬ್ಬಿಣದ ಕಂಬಿಯ ಬಾಲ್ಕನಿ, ಅದರ ಹಿಂದೆ ನನ್ನ ಗಂಡನ ಹೊಲಿಗೆ ಮಷೀನು. ಅವನು ಟೈಲರ್. ಮನೆಯಲ್ಲೇ ಕೂತು ಪರದೆ, ದಿಂಬಿನ ಕವರು, ಶಾಲೆ ಮಕ್ಕಳ ಯೂನಿಫಾರ್ಮ್ ಹೊಲಿಯುತ್ತಾನೆ.

ನಮ್ಮ ಪ್ರೀತಿ ಶುರುವಾದದ್ದೂ ಇದೇ ಬಸ್ಸಿನಲ್ಲಿ. ಬಟ್ಟೆಯ ಥಾನು ತರಲು ಹೊರಟವನು ಮಾರ್ಕೆಟ್ಟಿನಲ್ಲಿ ಇಳಿಯುವುದನ್ನು ‘ಮರೆತು’ ಪೂರಾ ಒಂದು ಸುತ್ತು ಬರುತ್ತಿದ್ದ. ಹಿಂದೆ ಕೂತವರನ್ನು ನೋಡಲು ನನ್ನ ತಲೆಯ ಮೇಲೊಂದು ಕನ್ನಡಿ ಇದೆ. ಅದರಲ್ಲಿ ಮೊದಲು ಕಂಡದ್ದು ಅವನ ದಪ್ಪ ಹುಬ್ಬು. ನಾನು ಕನ್ನಡಿ ನೋಡಿದರೆ ಅವನು ಕಿಟಕಿ ನೋಡುತ್ತಿದ್ದ. ನಾನು ರಸ್ತೆ ನೋಡಿದರೆ ಅವನು ಕನ್ನಡಿ ನೋಡುತ್ತಿದ್ದ.

ಒಂದು ದಿನ ಸಿಗ್ನಲ್ಲಿನಲ್ಲಿ ನಾನು ಬೇಕೆಂದೇ ಕಣ್ಣು ಕೀಳಲಿಲ್ಲ. ಅವನ ಕಿವಿ ಕೆಂಪಗಾಯಿತು. ಕಂಕುಳಲ್ಲಿದ್ದ ಥಾನು ಜಾರಿ, ಬಸ್ಸಿನ ಉದ್ದಕ್ಕೂ ನೀಲಿ ಬಟ್ಟೆ ಬಿಚ್ಚಿಕೊಂಡು ಹೋಯಿತು.

“ನಡೆಮಡಿ ಹಾಸೇಬಿಟ್ರಲ್ಲಪ್ಪ! ಮದುವೆ ಯಾವಾಗ?” ಎಂದರು ನಮ್ಮ ಕಂಡಕ್ಟರ್.

ಮದುವೆಯಾಯಿತು. ಗುಂಡು ಹುಟ್ಟಿದ. ಅವನಿಗೆ ಎಂಟು ತಿಂಗಳಾಗುವ ಹೊತ್ತಿಗೆ ನನ್ನ ರಜೆ ಮುಗಿಯಿತು. ಮಗುವನ್ನು ಗಂಡ ನೋಡಿಕೊಳ್ಳುವುದು, ಸ್ಟೀರಿಂಗ್ ನಾನು ಹಿಡಿಯುವುದು ಎಂದು ನಾವಿಬ್ಬರೂ ಮಾತಾಡಿಕೊಂಡಿದ್ದೆವು. ಆದರೆ ನಾನು ಡ್ಯೂಟಿಗೆ ಹೊರಡುವ ಹಿಂದಿನ ದಿನವೇ ಅತ್ತೆ ಬಂದಿಳಿದರು. ಜೊತೆಗೆ ಗಂಡನ ಅಕ್ಕ, ನಮ್ಮ ಅತ್ತಿಗೆ.

ಅತ್ತೆ ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ನನಗೆ ಸುಲಭವಾಗುತ್ತಿತ್ತು, ಜಗಳವಾಡಿ ಮುಗಿಸುತ್ತಿದ್ದೆ. ಬೆಳಗ್ಗೆ ನಾನು ಯೂನಿಫಾರ್ಮ್ ಹಾಕಿಕೊಳ್ಳುತ್ತಿದ್ದಾಗ ಗುಂಡುವನ್ನು ತೊಡೆಯ ಮೇಲೆ ಕುಣಿಸುತ್ತ ಮೆಲ್ಲಗೆ ಹೇಳಿದರು.

“ನೀನು ಕೆಲಸಕ್ಕೆ ಹೋಗು ತಾಯಿ, ನಾನು ಬೇಡ ಅನ್ನಲ್ಲ. ಮಗೂನ ಮಾತ್ರ ನಮ್ಮೂರಿಗೆ ಕರ್ಕೊಂಡ್ಹೋಗ್ತೀನಿ. ಎರಡು ವರ್ಷ ತುಂಬಲಿ, ಕಳಿಸಿಕೊಡ್ತೀನಿ. ದಿನವೆಲ್ಲ ಇವನೊಬ್ಬನ ಕೈಲಿ ಎಳೇ ಮಗು ಬಿಡೋಕಾಗುತ್ತಾ? ಇವನಿಗೆ ಎಡಗಾಲಿನ ಚಪ್ಪಲಿ ಯಾವುದು, ಬಲಗಾಲಿನದು ಯಾವುದು ಅಂತಲೇ ಗೊತ್ತಾಗ್ತಿರ್ಲಿಲ್ಲ.”

“ಈಗ ಗೊತ್ತಾಗುತ್ತಮ್ಮ” ಎಂದ ಅಡುಗೆಮನೆಯಿಂದ ಇವನು.

“ಯಾವತ್ತಿನಿಂದ?” ಎಂದರು ಅತ್ತಿಗೆ.

ನನಗೆ ನಗು ಬರಲಿಲ್ಲ. ಎರಡು ವರ್ಷ ಎಂದರೆ ಗುಂಡುವಿನ ಮೊದಲ ಹೆಜ್ಜೆ, ಮೊದಲ ಮಾತು ಎಲ್ಲವೂ ಬೇರೆ ಊರಿನಲ್ಲಿ. ಅಷ್ಟರಲ್ಲಿ ಇವನು ಕೈ ಒರೆಸಿಕೊಳ್ಳುತ್ತ ಹೊರಗೆ ಬಂದ.

“ಒಂದು ದಿನ ನೋಡಮ್ಮ. ಇವತ್ತು ನೀನೂ ಅಕ್ಕನೂ ನೆಂಟರು, ಕೂತಲ್ಲಿಂದ ಏಳೋ ಹಾಗಿಲ್ಲ. ಅಡುಗೆ ನಂದು, ಮಗು ನಂದು. ಸಂಜೆ ಹೊತ್ತಿಗೆ ನಿನಗೆ ಸರಿ ಕಾಣ್ಲಿಲ್ಲ ಅಂದ್ರೆ ಕರ್ಕೊಂಡ್ಹೋಗು.”

“ಮಾತು ಮಾತೇ ತಾನೆ?” ಎಂದರು ಅತ್ತೆ.

“ಮಾತು ಮಾತೇ.”

ಮೆಟ್ಟಿಲಿಳಿಯುವಾಗ ಅವನನ್ನು ಹಿಡಿದು ನಿಲ್ಲಿಸಿದೆ. “ನನ್ನನ್ನ ಒಂದು ಮಾತು ಕೇಳದೆ ಮಗೂನ ಪಣಕ್ಕಿಟ್ಟುಬಿಟ್ಯಾ?”

“ಸೋಲಲ್ಲ, ಡ್ರೈವರಮ್ಮ.”

“ಏನಾದ್ರೂ ಆದ್ರೆ? ಫೋನ್ ಡಿಪೋ ಲಾಕರ್ರಲ್ಲಿರುತ್ತೆ. ನನಗೆ ಗೊತ್ತಾಗೋದು ಹೇಗೆ?”

ಅವನು ಜೇಬಿಗೆ ಕೈ ಹಾಕಿ ಕತ್ತರಿಸಿ ಉಳಿದ ಬಟ್ಟೆಯ ತುಂಡುಗಳನ್ನು ತೆಗೆದ. ಮೊದಲೇ ಯೋಚಿಸಿಟ್ಟಿದ್ದ, ಕಳ್ಳ. “ಬಾಲ್ಕನಿ ಹಗ್ಗ ನೋಡ್ಕೋ. ಹಸಿರು ಇದ್ರೆ ಎಲ್ಲ ಚೆನ್ನಾಗಿದೆ. ಕೆಂಪು ಇದ್ರೆ ಬಸ್ಸು ಬಿಟ್ಟು ಮೇಲೆ ಬಾ.”

“ಈ ಹಳದಿ?”

“ಅದು...” ಅವನು ಗೋಡೆಯ ಕಡೆ ನೋಡಿದ. “ಅದು ನಿನ್ನ ನೆನಪಾಗ್ತಿದೆ ಅಂತ.”

“ಅದನ್ನ ಹೇಳೋಕೆ ಬಟ್ಟೆ ಬೇಕಾ? ಬಾಯಿಲ್ವಾ?”

ಅವನ ಕಿವಿ ಮತ್ತೆ ಕೆಂಪಗಾಯಿತು. ನಮ್ಮ ಮನೆಯಲ್ಲಿ ಬಾಯಿ ಇರುವುದು ನನಗೆ, ಅವನಿಗಿರುವುದು ಕೈ. ಪ್ರೀತಿ ಬಂದರೆ ಏನಾದರೂ ಹೊಲಿದುಕೊಡುತ್ತಾನೆ. ಬಸ್ಸಿನಲ್ಲಿ ನಾನು ಕೂರುವ ಮೆತ್ತೆ ಅವನೇ ಹೊಲಿದದ್ದು.

“ಅಮ್ಮನಿಗೆ, ಅಕ್ಕನಿಗೆ ಇದೆಲ್ಲ ಹೇಳ್ಬೇಡ. ಜನ್ಮವಿಡೀ ಆಡ್ಕೋತಾರೆ” ಎಂದು ಪಿಸುಗುಟ್ಟಿ ಓಡಿದ.

ಮೊದಲ ಸುತ್ತಿನಲ್ಲಿ ಹಸಿರು. ಬಾಲ್ಕನಿಯಲ್ಲಿ ಇವನು ನಿಂತಿದ್ದ, ತೋಳಿನಲ್ಲಿ ಗುಂಡು. ಮಗುವಿನ ಕೈ ಹಿಡಿದು ಬೀಸಿದ. ಗುಂಡು ಬಸ್ಸನ್ನು ಬಿಟ್ಟು ಅಪ್ಪನ ಮೂಗನ್ನು ನೋಡುತ್ತಿದ್ದ. ಎರಡನೇ ಸುತ್ತಿನಲ್ಲಿ ಹಸಿರಿನ ಪಕ್ಕದಲ್ಲೇ ಹಳದಿ. ಇವನು ಕಂಬಿಗೆ ಒರಗಿ, ಏನೂ ಅರಿಯದವನ ಹಾಗೆ ಆಕಾಶ ನೋಡುತ್ತಿದ್ದ. ಮೇಲಿನಿಂದ ಈರುಳ್ಳಿ ಹುರಿಯುವ ವಾಸನೆ ಘಮ್ಮೆಂದು ಬಂತು.

“ಯಾರ ಮನೇದೋ, ಪುಣ್ಯವಂತರು” ಎಂದರು ಬಸ್ಸು ಹತ್ತುತ್ತಿದ್ದ ಒಬ್ಬ ಹೆಂಗಸು.

ನಮ್ಮದೇ ಎಂದು ಹೇಳಬೇಕೆನಿಸಿತು. ಬಿಂಕ ಬಿಡದೆ ಗೇರ್ ಹಾಕಿದೆ.

ಮೂರನೇ ಸುತ್ತು. ತಿರುವು ದಾಟಿದ ಕೂಡಲೇ ಕಣ್ಣು ಬಾಲ್ಕನಿಗೆ ಹೋಯಿತು. ಹಸಿರಿಲ್ಲ, ಹಳದಿಯಿಲ್ಲ. ಹಗ್ಗದ ನಟ್ಟನಡುವೆ ಕೆಂಪು ಬಟ್ಟೆ. ಬಾಲ್ಕನಿಯಲ್ಲಿ ಒಂದು ನರಪಿಳ್ಳೆಯೂ ಇಲ್ಲ.

ಎದೆ ಧಸಕ್ಕೆಂದಿತು. ಹೌದು, ಅಷ್ಟನ್ನು ಒಪ್ಪುತ್ತೇನೆ. ಬಸ್ಸು ನಿಲ್ಲಿಸಿ ಹ್ಯಾಂಡ್‌ಬ್ರೇಕ್ ಎಳೆದೆ. ಬಾಗಿಲಿನಲ್ಲಿ ಜನ ಹತ್ತುತ್ತಿದ್ದರು. ಕಂಡಕ್ಟರಿಗೆ ಬಟ್ಟೆಯ ವಿಷಯ ಬೆಳಗ್ಗೆಯೇ ಹೇಳಿದ್ದೆ. ಅವರೂ ಬಗ್ಗಿ ನೋಡಿ ಮುಂದೆ ಬಂದರು.

“ಹೋಗಿ ಬಾರಮ್ಮ. ಜನಕ್ಕೆ ನಾನು ಹೇಳ್ಕೋತೀನಿ.”

ನನ್ನ ಕೈ ಬಾಗಿಲಿನ ಹಿಡಿಯ ಮೇಲಿತ್ತು. ಇಳಿದರೆ ಮಗುವಿನ ಹತ್ತಿರ ಹೋಗುತ್ತೇನೆ. ಇಳಿದರೆ ಅತ್ತೆಯ ಮಾತು ನಿಜವಾಗುತ್ತದೆ, ಸಂಜೆಗೆ ಗುಂಡುವಿನ ಬಟ್ಟೆ ಬ್ಯಾಗಿಗೆ ಹೋಗುತ್ತದೆ. ಆದರೆ ಆ ಗಳಿಗೆಯಲ್ಲಿ ನನ್ನನ್ನು ತಡೆದದ್ದು ಪಣವಲ್ಲ. ತಡೆದದ್ದು ಗಂಡನ ಯೋಚನೆ.

ಮಗುವಿಗೆ ನಿಜಕ್ಕೂ ಏನಾದರೂ ಆಗಿದ್ದರೆ ಇವನು ಬಟ್ಟೆ ಹುಡುಕಿ, ಹಗ್ಗಕ್ಕೆ ಹಾಕಿ, ಕ್ಲಿಪ್ ಸಿಕ್ಕಿಸುತ್ತ ನಿಲ್ಲುವವನೇ? ನನ್ನ ಬಸ್ಸು ಸುತ್ತಿ ಬರಲೆಂದು ಕಾಯುವವನೇ? ಮಗುವನ್ನು ಎದೆಗವಚಿಕೊಂಡು ಬರಿಗಾಲಲ್ಲಿ ಆಸ್ಪತ್ರೆಗೆ ಓಡುತ್ತಿದ್ದ. ಇನ್ನು, ಮಗು ಅಳು ನಿಲ್ಲಿಸಲಿಲ್ಲ, ಸಾರು ತಳ ಹಿಡಿಯಿತು ಎಂದು ನನ್ನನ್ನು ಕರೆಯುವವನಂತೂ ಅಲ್ಲ. ಜ್ವರದ ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ಬೆಳಗಿನವರೆಗೆ ಓಡಾಡಿ, ‘ನೀನು ಮಲಗು’ ಎಂದು ನನಗೇ ಹೊದಿಸಿದವನು ಅವನು. ಆ ಕೆಂಪು ಬಟ್ಟೆ ಏನೆಂದು ನನಗೆ ಗೊತ್ತಿರಲಿಲ್ಲ. ಅವನು ಯಾರೆಂದು ಗೊತ್ತಿತ್ತು.

“ರೈಟ್ ಹೇಳಿ” ಎಂದೆ.

ಕಂಡಕ್ಟರ್ ನನ್ನ ಮುಖ ನೋಡಿದರು. “ಖಂಡಿತಾನಾ?”

“ರೈಟ್ ಹೇಳಿ ಸರ್.”

ಆ ಸುತ್ತು ಮುಗಿಯುವುದಕ್ಕೆ ಒಂದು ಯುಗ ಹಿಡಿಯಿತು. ಅಂಗೈ ಬೆವರಿ ಸ್ಟೀರಿಂಗ್ ಜಾರುತ್ತಿತ್ತು, ಒರೆಸಿಕೊಂಡೆ. ಆಸ್ಪತ್ರೆ ಸ್ಟಾಪಿನಲ್ಲಿ ಹತ್ತಿದ ಪ್ರತಿಯೊಂದು ಮುಖವನ್ನೂ ನೋಡಿದೆ. ಅವನು ಇರಲಿಲ್ಲ. ಸೇತುವೆಯ ಮೇಲೆ ಕಣ್ಣು ಮಂಜಾಯಿತು. ಆದರೆ ಒಂದು ಹಳ್ಳಕ್ಕೂ ಚಕ್ರ ಇಳಿಸಲಿಲ್ಲ, ಒಂದು ಸ್ಟಾಪನ್ನೂ ಬಿಡಲಿಲ್ಲ.

ಮತ್ತೆ ನಮ್ಮ ಬೀದಿಯ ತಿರುವು. ಸ್ಟಾಪಿನಲ್ಲಿ ಇವನು! ಏಪ್ರನ್ ಕಟ್ಟಿಕೊಂಡು, ಒಂದು ತೋಳಲ್ಲಿ ಗುಂಡು, ಇನ್ನೊಂದು ಕೈಯಲ್ಲಿ ಸೌಟು. ಹಿಂದೆ ಏದುಸಿರು ಬಿಡುತ್ತ ಅತ್ತಿಗೆ, ಅವರ ಹಿಂದೆ ಸೊಂಟ ಹಿಡಿದುಕೊಂಡು ಅತ್ತೆ. ಬಸ್ಸು ನಿಲ್ಲುವ ಮೊದಲೇ ಇವನು ಸೌಟನ್ನು ಮೇಲೆತ್ತಿ ಬೀಸುತ್ತ ಕೂಗಿದ.

“ಏನೂ ಆಗಿಲ್ಲ! ಏನೂ ಆಗಿಲ್ಲ ಕಣೇ!”

ಬಾಗಿಲು ತೆರೆದೆ. ಮೂವರೂ ಒಬ್ಬರ ಹಿಂದೊಬ್ಬರು ಹತ್ತಿದರು. ಗುಂಡು ನನ್ನ ಟೋಪಿ ನೋಡಿ, ಎರಡು ಹಲ್ಲು ಬಿಟ್ಟು ನಕ್ಕ. ಹೋದ ಜೀವ ಬಂದಂತಾಯಿತು.

“ಅದು ಅಕ್ಕನ ಶಾಲು!” ಇವನಿಗೆ ಉಸಿರು ಸಾಲುತ್ತಿರಲಿಲ್ಲ. “ಗುಂಡು ಕುಂಬಳಕಾಯಿ ಉಗಿದ, ಅವಳ ಮೈಯೆಲ್ಲ ಆಯ್ತು. ನಾನು ಇವನಿಗೆ ಸ್ನಾನ ಮಾಡಿಸ್ತಿದ್ದೆ, ಅವಳು ಶಾಲು ಒಗೆದು ಹಗ್ಗಕ್ಕೆ ಹಾಕಿಬಿಟ್ಟಿದಾಳೆ. ಈಗ ನಿನ್ನನ್ನ ನೋಡೋಕೆ ಅಂತ ಬಾಲ್ಕನಿಗೆ ಬಂದ್ರೆ, ಕೆಂಪು!”

“ಅಲ್ಲಿ ಯಾವುದೋ ಚಿಂದಿಗಳು ನೇತಾಡ್ತಿದ್ವು, ತೆಗೆದು ಬಿಸಾಕಿದೆ” ಎಂದರು ಅತ್ತಿಗೆ. “ಒಂದು ಶಾಲಿಗೆ ಇಷ್ಟು ರಾದ್ಧಾಂತ ಯಾಕೆ ಅಂತ ಯಾರಾದ್ರೂ ಹೇಳ್ತೀರಾ?”

ಇವನು ಹೇಳಬೇಕಾಯಿತು. ಹಸಿರು, ಕೆಂಪು ಹೇಳಿದ. ಹಳದಿಯನ್ನು ನುಂಗಿದ. ಬಸ್ಸಿನಲ್ಲಿದ್ದವರೆಲ್ಲ ಕಿವಿಯಾಗಿ ಕೂತಿದ್ದರು. ಯಾರಿಗೂ ಹೊರಡುವ ಅವಸರವಿರಲಿಲ್ಲ.

ಅತ್ತೆ ಮಾತ್ರ ನಗಲಿಲ್ಲ. ಕಂಬ ಹಿಡಿದು ನನ್ನ ಸೀಟಿನ ಪಕ್ಕಕ್ಕೆ ಬಂದರು.

“ಅಂದ್ರೆ, ಹೋದ ಸುತ್ತಿನಲ್ಲಿ ಕೆಂಪು ಕಾಣ್ತು ನಿನಗೆ?”

“ಕಾಣ್ತು ಅತ್ತೆ.”

“ಕಂಡೂ ಇಳಿದು ಬರ್ಲಿಲ್ಲ?”

ಇವನ ಮುಖದಲ್ಲಿ ರಕ್ತವಿರಲಿಲ್ಲ. ಗೆದ್ದ ಆಟ ಕೈತಪ್ಪುತ್ತಿದೆ ಎಂದು ಅವನಿಗೂ ಗೊತ್ತಾಯಿತು. ಕರೆದರೂ ಬಾರದ ತಾಯಿಯ ಹತ್ತಿರ ಮಗು ಬಿಡಿ ಎಂದು ಯಾವ ಬಾಯಲ್ಲಿ ಕೇಳುವುದು? ನಾನು ಏನನ್ನೂ ಸುತ್ತಿ ಬಳಸಲಿಲ್ಲ.

“ಮಗು ನಿಮ್ಮ ಮಗನ ಹತ್ತಿರ ಇತ್ತು ಅತ್ತೆ. ಅದಕ್ಕೇ ಬರ್ಲಿಲ್ಲ. ಬೇರೆ ಯಾರ ಹತ್ತಿರ ಇದ್ದಿದ್ರೂ ಬಸ್ಸು ಇಲ್ಲೇ ಬಿಟ್ಟು ಓಡಿ ಬರ್ತಿದ್ದೆ.” ಮುಚ್ಚಿಡುವುದೇಕೆ ಎಂದು ಅದನ್ನೂ ಹೇಳಿದೆ. “ನಿಮ್ಮ ಹತ್ತಿರ ಇದ್ದಿದ್ರೂ ಕೂಡ.”

ಅತ್ತಿಗೆ ನಾಲಿಗೆ ಕಚ್ಚಿಕೊಂಡರು. ಅತ್ತೆ ಮಗನ ಕಡೆ ತಿರುಗಿ, ಅವನನ್ನು ಕಾಲಿನಿಂದ ತಲೆಯವರೆಗೆ ನೋಡಿದರು. ಅವಸರದಲ್ಲಿ ಓಡಿ ಬಂದಿದ್ದರೂ ಮಗುವಿಗೆ ಟೋಪಿ ಹಾಕಿದ್ದ.

“ಒಲೆ ಆರಿಸಿ ಬಂದ್ಯಾ?”

“ಆರಿಸಿದೀನಮ್ಮ.”

“ಮಗೂಗೆ ಹೊಟ್ಟೆ ತುಂಬಿದ್ಯಾ?”

“ಉಗಿದ ಮೇಲೆ ಅನ್ನ, ಹಾಲು ಕಲಸಿ ತಿನ್ನಿಸಿದೆ. ಪೂರಾ ತಿಂದ.”

ಅತ್ತೆ ನನ್ನ ಹಿಂದಿನ ಸೀಟಿನಲ್ಲಿ ಕೂತರು. “ಕಂಡಕ್ಟರೇ, ಮೂರು ಟಿಕೆಟ್ ಕೊಡಿ. ಪೂರಾ ಒಂದು ಸುತ್ತು.”

“ಅಮ್ಮ, ಊಟ ತಣ್ಣಗಾಗುತ್ತೆ!” ಎಂದ ಇವನು.

“ಆಗ್ಲಿ ಬಿಡು. ಬಿಸಿ ಮಾಡೋಕೆ ನೀನಿದೀಯಲ್ಲ.”

ಹೊರಟೆವು. ತಲೆಯ ಮೇಲಿನ ಕನ್ನಡಿಯಲ್ಲಿ ಅದೇ ದಪ್ಪ ಹುಬ್ಬು. ಈ ಸಲ ಅವನು ಕಿಟಕಿಯ ಕಡೆ ತಿರುಗಲಿಲ್ಲ. ಸಿಗ್ನಲ್ಲಿನಲ್ಲಿ ನಾನು ನೋಡಿದೆ, ಅವನೂ ನೋಡಿದ. ಅವನ ಕಣ್ಣು ತುಂಬಿತ್ತು, ಒರೆಸಿಕೊಳ್ಳಲು ಕೈಗೆ ಬಿಡುವಿರಲಿಲ್ಲ, ಒಂದರಲ್ಲಿ ಮಗು, ಒಂದರಲ್ಲಿ ಸೌಟು. ಆಮೇಲೆ ಅಷ್ಟು ಜನರ ನಡುವೆ, ಪಕ್ಕದಲ್ಲಿ ಅಮ್ಮ, ಅಕ್ಕ ಇರುವಾಗಲೇ, ನನ್ನ ನಾಚಿಕೆಪುರುಕ ಬಾಯಿಬಿಟ್ಟ.

“ನೀನಂದ್ರೆ ನನಗೆ ತುಂಬಾ ಇಷ್ಟ ಕಣೇ.”

“ಗೊತ್ತು” ಎಂದೆ. ನನ್ನ ಕಿವಿಯೂ ಬಿಸಿಯಾಯಿತು. ಹಸಿರು ಬಿದ್ದದ್ದನ್ನು ಹಿಂದಿನ ಕಾರಿನವನು ಹಾರ್ನ್ ಹೊಡೆದು ಹೇಳಬೇಕಾಯಿತು. ನನ್ನ ಸರ್ವೀಸಿನಲ್ಲಿ ಅದೊಂದೇ ಸಲ.

ಸುತ್ತು ಮುಗಿದು ಮನೆಯ ಸ್ಟಾಪ್ ಬಂತು. ಅತ್ತಿಗೆ ಇಳಿದರು, ಇವನು ಇಳಿದ. ಗುಂಡು ಅಷ್ಟರಲ್ಲಿ ಅಜ್ಜಿಯ ತೊಡೆಯಲ್ಲಿ ನಿದ್ದೆ ಹೋಗಿದ್ದ. ಅತ್ತೆ ಬಾಗಿಲಿನವರೆಗೆ ಬಂದು, ಮಗುವಿನ ಕತ್ತಿಗೆ ಕೈ ಆಸರೆ ಕೊಟ್ಟು ಎತ್ತಿ, ಕೆಳಗೆ ನಿಂತಿದ್ದ ಮಗನ ತೋಳಿಗೆ ಕೊಟ್ಟರು.

“ತಗೋ, ನಿನ್ನ ಮಗ. ಒಳಗೆ ಹೋಗಿ ಮಲಗಿಸು.”

“ನೀನು ಇಳಿಯಲ್ವಾಮ್ಮ?”

“ನಾನೇ ಹೆತ್ತವಳು, ನನಗೆ ನಿನ್ನ ಮೇಲೆ ಇಲ್ಲದ ನಂಬಿಕೆ ಇವಳಿಗಿದೆ ನೋಡು. ಇವಳ ಜೊತೆ ಇನ್ನೊಂದು ಸುತ್ತು ಹೋಗಿ ಬರ್ತೀನಿ.”

ಅತ್ತೆ ವಾಪಸು ಬಂದು ಅದೇ ಸೀಟಿನಲ್ಲಿ ಕೂತರು. ಆಗತಾನೇ ಹತ್ತಿದ ಅಪರಿಚಿತರೊಬ್ಬರನ್ನು ಮೊಣಕೈಯಿಂದ ತಿವಿದು, ಇಡೀ ಬಸ್ಸಿಗೆ ಕೇಳುವಂತೆ ಹೇಳಿದರು.

“ಗಟ್ಟಿಯಾಗಿ ಹಿಡ್ಕೊಂಡು ಕೂರೋದೇನೂ ಬೇಡಪ್ಪ. ಓಡಿಸ್ತಿರೋದು ನನ್ನ ಸೊಸೆ.”